ಉಪ್ಪು ಬಿಟ್ಟವರ ಕಣ್ಣಿಗೆ ಉಪ್ಪುನೀರು

ಬೀದಿಯವರೆಲ್ಲ ಅವರನ್ನು ಬ್ಯಾಟರಿ ಮಾವ ಎನ್ನುತ್ತಾರೆ. ಕಾರು, ಲಾರಿಗಳ ಬ್ಯಾಟರಿ ರಿಪೇರಿ ಅವರ ಕೆಲಸ. ಒಂದು ದಿನ ಅವರ ಎಡಗಣ್ಣಿನಲ್ಲಿ ಮಿಂಚು ಹೊಡೆದಂತಾಯಿತು. ಆಮೇಲೆ ಪಕ್ಕದಿಂದ ಕಪ್ಪು ಪರದೆಯೊಂದು ಸರಿದು ಬಂತು. ವಯಸ್ಸಾಯಿತಲ್ಲ ಎಂದು ಸುಮ್ಮನಿದ್ದರು. ಹೆಂಡತಿ ಬಿಡಬೇಕಲ್ಲ, ಕಣ್ಣಾಸ್ಪತ್ರೆಗೆ ಎಳೆದುಕೊಂಡೇ ಹೋದರು.

"ಕಣ್ಣಿನ ಹಿಂಭಾಗದ ರೆಟಿನಾ ಪದರ ಕಿತ್ತು ಬರ್ತಿದೆ. ನಾಳೆಯೇ ಆಪರೇಷನ್ ಆಗ್ಬೇಕು, ತಡ ಮಾಡಿದ್ರೆ ದೃಷ್ಟಿ ಹೋಗುತ್ತೆ," ಎಂದರು ಡಾಕ್ಟರ್. ಆಪರೇಷನ್ ಮಾಡುವಾಗ ಕಣ್ಣೊಳಗೆ ಹರಿಸುವ ದ್ರವದಲ್ಲಿ ಒಂದಿಷ್ಟು ಲವಣ, ಸಕ್ಕರೆ ಇರುತ್ತದೆ ಎಂದೂ ತಿಳಿಸಿದರು.

ಮರುದಿನ ಮಾವ ಬ್ಯಾಟರಿಗೆ ತುಂಬುವ ಡಿಸ್ಟಿಲ್ಡ್ ವಾಟರ್ ಕ್ಯಾನ್ ಹೊತ್ತುಕೊಂಡೇ ಆಸ್ಪತ್ರೆಗೆ ಬಂದರು. ಆಪರೇಷನ್ ಕೋಣೆಯ ನರ್ಸ್ ಅವರ ಸ್ವಂತ ತಂಗಿ.

"ಇದೇನಣ್ಣ, ಯಾರ ಕಾರು ಕೆಟ್ಟು ನಿಂತಿದೆ?"

"ತಮಾಷೆ ಬೇಡ. ಬಿ.ಪಿ. ಇದೆ ಉಪ್ಪು ಬಿಡು ಅಂದ್ರಿ, ಬಿಟ್ಟೆ. ಶುಗರ್ ಇದೆ ಸಕ್ಕರೆ ಬಿಡು ಅಂದ್ರಿ, ಬಿಟ್ಟೆ. ಈಗ ಎರಡನ್ನೂ ಕಲಸಿ ಕಣ್ಣಿಗೆ ಹಾಕ್ತೀರಾ? ಇದಕ್ಕಿಂತ ಶುದ್ಧವಾದ ನೀರಿಲ್ಲ. ಇದನ್ನ ಹಾಕಿ, ಇಲ್ಲದಿದ್ರೆ ನಾನು ಮನೆಗೆ ಹೊರಟೆ."

"ರಾತ್ರಿಯಿಡೀ ಇದೇ ಪುರಾಣ ಕಣೇ," ಎಂದು ಜೊತೆಗೆ ಬಂದಿದ್ದ ಹೆಂಡತಿ ಹಣೆ ಚಚ್ಚಿಕೊಂಡರು.

ತಂಗಿ ಅಣ್ಣನ ಪಕ್ಕ ಕುಳಿತಳು. "ಹೊಸ ಬ್ಯಾಟರಿಗೆ ಆಸಿಡ್ ಬದಲು ಬರೀ ಈ ನೀರು ತುಂಬಿದ್ರೆ ಗಾಡಿ ಸ್ಟಾರ್ಟ್ ಆಗುತ್ತಾ?"

"ನಿನ್ ತಲೆ! ಬರೀ ನೀರಲ್ಲಿ ಕರೆಂಟ್ ಎಲ್ಲಿಂದ ಹುಟ್ಟುತ್ತೆ?"

"ರೆಟಿನಾನೂ ಹಾಗೇ ಅಣ್ಣ. ಬೆಳಕು ಬಿದ್ದ ಕೂಡ್ಲೇ ಸಣ್ಣ ಕರೆಂಟ್ ಹುಟ್ಟಿಸಿ ಮಿದುಳಿಗೆ ಸುದ್ದಿ ಕಳಿಸುತ್ತೆ. ಅದಕ್ಕೆ ಅಳತೆಯ ಲವಣ ಬೇಕು. ಬರೀ ನೀರು ಬಿದ್ರೆ ಅದರ ಜೀವಕೋಶಗಳು ನೀರು ಕುಡಿದು ಊದಿಕೊಳ್ತವೆ. ಸಕ್ಕರೆ ಅದರ ಊಟ. ಆಪರೇಷನ್ ಆಗೋವರೆಗೂ ಉಪವಾಸ ಕೆಡವೋಕಾಗುತ್ತಾ? ಕಣ್ಣಲ್ಲಿ ಮೊದಲೇ ಇರೋ ದ್ರವದ ಹಾಗೇ ಇದನ್ನೂ ಮಾಡಿರ್ತಾರೆ. ಸೀಲ್ ಮಾಡಿದ ಬಾಟಲಿ, ಒಂದು ಕ್ರಿಮಿಯೂ ಇರಲ್ಲ."

"ನನ್ನ ಶುಗರ್?"

"ಆ ಚೂರಿಗೆಲ್ಲ ಏರಲ್ಲ. ಮದುವೆ ಮನೇಲಿ ನೀನು ಕದ್ದು ತಿಂತೀಯಲ್ಲ, ಅದಕ್ಕೆ ಏರೋದು."

ಹೆಂಡತಿ ನಕ್ಕುಬಿಟ್ಟರು. ಮಾವ ನಗಲಿಲ್ಲ. ತಂಗಿಯ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದರು: "ಒಳಗೆ ನೀನಿರ್ತೀಯ ತಾನೇ?"

"ಬಾಟಲಿ ನೋಡಿ ತೂಗುಹಾಕೋಳೇ ನಾನು. ಬಾ, ಏಳು."

ಮಾವ ಎದ್ದರು.

ಆಪರೇಷನ್ ಆದಮೇಲೆ ಕೆಲವು ವಾರ ಆ ಕಣ್ಣಿಗೆ ಎಲ್ಲವೂ ಮಸುಕಾಗಿತ್ತು. ಒಂದು ಬೆಳಿಗ್ಗೆ ಎಡಕ್ಕೆ ಕುಳಿತು ತಲೆ ಬಾಚಿಕೊಳ್ಳುತ್ತಿದ್ದ ಹೆಂಡತಿಗೆ, ತಲೆ ತಿರುಗಿಸದೆಯೇ ಹೇಳಿದರು: "ಬೈತಲೆ ಸೊಟ್ಟಗಿದೆ ನೋಡು."

ಅವರು ಬಾಚಣಿಗೆ ಕೆಳಗಿಟ್ಟು ಅತ್ತುಬಿಟ್ಟರು.

ನಿಮ್ಮ ಕಣ್ಣಲ್ಲೂ ಇದ್ದಕ್ಕಿದ್ದಂತೆ ಮಿಂಚು, ಕಪ್ಪು ಚುಕ್ಕೆಗಳು, ಪರದೆ ಕಂಡರೆ ನಾಳೆಗೆ ಮುಂದೂಡಬೇಡಿ. ಅಂದೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಆಪರೇಷನ್ ಆದಮೇಲೆ ಅವರು ಹೇಳಿದ ಔಷಧಿ ಬಿಟ್ಟು ಬೇರೇನನ್ನೂ ಕಣ್ಣಿಗೆ ಹಾಕಬೇಡಿ, ಶುದ್ಧ ನೀರನ್ನೂ ಸಹ. ಅನುಮಾನವಿದ್ದರೆ ಬಾಯಿಬಿಟ್ಟು ಕೇಳಿ, ಜಗಳವಾಡಿದರೂ ಪರವಾಗಿಲ್ಲ. ಆದರೆ ಆಸ್ಪತ್ರೆಗೆ ಹೋಗಿಯೇ ಜಗಳವಾಡಿ.