ಹಳದಿ ಕಾರ್ಡು

ಗುಬ್ಬಿಗೆ ಒಂಬತ್ತು ವರ್ಷ. ಬರುತ್ತಿದ್ದ ಮಾತು ಹತ್ತೋ ಹನ್ನೆರಡೋ, ಅವೂ ಮನಸ್ಸು ಬಂದಾಗ. ಕಚ್ಚುವುದರಲ್ಲಿ ಮಾತ್ರ ಎತ್ತಿದ ಕೈ ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು. ಯಾರನ್ನು ಕಚ್ಚಿದಳು, ಎಲ್ಲಿ ಕಚ್ಚಿದಳು ಎಂದು ಹೇಳಲು ಎಲ್ಲರೂ ಮುಂದು. ಯಾಕೆ ಎಂದು ಕೇಳಿದವರು ಒಬ್ಬರೇ, ಇಂಥ ಮಕ್ಕಳಿಗೆಂದೇ ಆ ವರ್ಷ ಶಾಲೆಗೆ ಬಂದ ಟೀಚರು.

ಟೀಚರು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿದರು. ಕಚ್ಚುವ ಮುಂಚೆ ಏನಾಯಿತು, ಅವಳೇನು ಮಾಡಿದಳು, ಆಮೇಲೆ ನಾವೇನು ಮಾಡಿದೆವು. ಒಂದು ತಿಂಗಳು ಬಿಡದೆ ಬರೆದ ಮೇಲೆ ಮೊದಲ ಕಾಲಮ್ಮಿನಲ್ಲಿ ಒಂದೇ ಸಂಗತಿ ಮತ್ತೆ ಮತ್ತೆ ಕಾಣಿಸಿತು: ಕುರ್ಚಿ ಎಳೆದ ಸದ್ದು. ಕಬ್ಬಿಣದ ಕಾಲಿನ ಕುರ್ಚಿ ನೆಲದ ಮೇಲೆ ಕಿರ್ರೆಂದರೆ ನಮಗೆ ಹಲ್ಲು ಜುಮ್ಮೆನ್ನುತ್ತದೆ, ಮರೆಯುತ್ತೇವೆ. ಗುಬ್ಬಿಗೆ ಅದು ತಲೆಯೊಳಗೇ ಎಳೆದ ಹಾಗೆ. ನಾನು ಇಲ್ಲಿಂದ ಹೋಗಬೇಕು ಎನ್ನಲು ಅವಳ ಬಾಯಲ್ಲಿ ಮಾತಿರಲಿಲ್ಲ, ಹಲ್ಲಿದ್ದವು.

ಟೀಚರು ರಟ್ಟು ಕತ್ತರಿಸಿ, ಹಳದಿ ಕಾಗದ ಅಂಟಿಸಿ, ದಾರ ಹಾಕಿ ಗುಬ್ಬಿಯ ಸೊಂಟಕ್ಕೆ ಕಟ್ಟಿದರು. ಅದನ್ನು ಎತ್ತಿ ತೋರಿಸಿದರೆ ಪುಸ್ತಕದ ಕೋಣೆಗೆ ಹೋಗಿ ಐದು ನಿಮಿಷ ಕೂರಬಹುದು. ನಿಯಮ ಒಂದೇ: ಕಾರ್ಡು ತೋರಿಸಿದ ಮೇಲೆ ಯಾರೂ ಯಾಕೆ ಎನ್ನುವಂತಿಲ್ಲ, ಆಮೇಲೆ ಹೋಗು ಎನ್ನುವಂತಿಲ್ಲ, ದಾರಿ ಬಿಡಬೇಕು.

"ನಂಗೂ ಒಂದು ಮಾಡ್ಕೊಡಿ, ಕೊನೇ ಪೀರಿಯಡ್‌ಗೆ ಬೇಕಾಗುತ್ತೆ," ಎಂದು ಗಣಿತದ ಮೇಷ್ಟ್ರು ಮೂಗು ಮುರಿದರು. ಆದರೂ ದಾರಿ ಬಿಟ್ಟರು. ಮೊದಲು ದಿನಕ್ಕೆ ಎಂಟು ಸಲ ಎದ್ದು ಹೋಗುತ್ತಿದ್ದವಳು ಬರಬರುತ್ತ ಮೂರಕ್ಕೆ ಇಳಿದಳು. ಮೂರು ತಿಂಗಳು ಯಾರ ಕೈಮೇಲೂ ಹಲ್ಲಿನ ಗುರುತು ಬೀಳಲಿಲ್ಲ.

ಗುಬ್ಬಿಯ ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟ್ ಇಸ್ತ್ರಿ ಮಾಡುವವಳು. "ಮನೇಲೂ ತೋರಿಸ್ತಾಳೆ ಮೇಡಂ," ಎಂದು ಗೇಟಿನ ಬಳಿ ನಗುತ್ತ ಹೇಳಿದಳು. "ನಾನು ಮಿಕ್ಸಿ ಹಾಕೋಕೆ ಹೋದ್ರೆ ಸಾಕು, ಎತ್ತಿ ಹಿಡೀತಾಳೆ. ನಾನೇ ಅಡುಗೆಮನೆ ಬಿಟ್ಟು ಹೋಗ್ಬೇಕಂತೆ."

ಅಷ್ಟರಲ್ಲಿ ಸಮಿತಿ ಬರುವ ಸುದ್ದಿ ಬಂತು. ಗುಬ್ಬಿ ಇದೇ ಶಾಲೆಯಲ್ಲಿ ಇರಬೇಕೋ, ಊರಾಚೆಯ ಬೇರೆ ಶಾಲೆಗೆ ಹೋಗಬೇಕೋ ಎಂದು ಮೂವರು ನೋಡಿ ತೀರ್ಮಾನಿಸುತ್ತಾರೆ. ಆ ಬೇರೆ ಶಾಲೆಯನ್ನು ಟೀಚರು ಕಂಡಿದ್ದರು. ಅಲ್ಲಿ ಕಿಟಕಿಗೂ ಬೀಗ.

ಹೆಡ್‌ಮಿಸ್ ಟೀಚರನ್ನು ಕರೆಸಿದರು. "ನಿಮ್ಮ ಕೆಲ್ಸ ನಂಗೊತ್ತಮ್ಮಾ. ಆದ್ರೆ ಅವರ ಮುಂದೆ ಇವಳು ಎದ್ದೆದ್ದು ಹೋದ್ರೆ, ಕ್ಲಾಸಲ್ಲಿ ಕೂರೋಕೇ ಬರಲ್ಲ ಅಂತ ಬರೀತಾರೆ. ನಲವತ್ತು ನಿಮಿಷ ತಾನೆ? ಕಾರ್ಡ್ ನಿಮ್ಮ ಹತ್ರ ಇಟ್ಕೊಳ್ಳಿ."

ಆಗಲ್ಲ ಎನ್ನಬೇಕಿತ್ತು. ಆದರೆ ಸುಳ್ಳು ಯಾಕೆ, ಮೂರು ತಿಂಗಳ ಹೊಗಳಿಕೆ ಟೀಚರ ತಲೆಗೂ ಸ್ವಲ್ಪ ಏರಿತ್ತು. ನಮ್ಮ ಗುಬ್ಬಿ ಎಷ್ಟು ಚೆನ್ನಾಗಿ ಕೂರುತ್ತಾಳೆ ನೋಡಿ ಎಂದು ತೋರಿಸುವ ಆಸೆ ಅವರಿಗೂ ಇತ್ತು.

ಸಮಿತಿ ಬರುವ ದಿನ ಬೆಳಿಗ್ಗೆ ಅವರೇ ಕಾರ್ಡು ಬಿಚ್ಚಿ ತಮ್ಮ ಕೋಟಿನ ಜೇಬಿಗೆ ಹಾಕಿಕೊಂಡರು. "ಇವತ್ತೊಂದಿನ ಜಾಣೆ ಥರ ಕೂತ್ಕೋ ಪುಟ್ಟಾ." ಗುಬ್ಬಿ ಸೊಂಟದಲ್ಲಿ ಉಳಿದ ಖಾಲಿ ದಾರವನ್ನು ನೋಡಿಕೊಂಡಳು.

ಸಮಿತಿಯವರು ಬಂದರು. ಹಿಂದಿನ ಸಾಲಿನಲ್ಲಿ ಕುರ್ಚಿ ಎಳೆದು ಕೂತರು. ಬೆಳಕು ಸಾಲದೆಂದು ಕಿಟಕಿಯ ಪಕ್ಕಕ್ಕೆ ಎಳೆದರು. ಬಿಸಿಲು ಹೊಡೆಯಿತೆಂದು ಮತ್ತೆ ಎಳೆದರು. ಮಗುವಿನ ಅನುಕೂಲ ನೋಡಲು ಬಂದವರಿಗೆ ತಮ್ಮ ಅನುಕೂಲವೇ ಮುಗಿಯಲಿಲ್ಲ.

ಗುಬ್ಬಿಯ ಕೈ ಸೊಂಟಕ್ಕೆ ಹೋಯಿತು. ದಾರ ಸಿಕ್ಕಿತು, ಕಾರ್ಡು ಸಿಗಲಿಲ್ಲ. ಅವಳು ಬೆರಳು ಜೋಡಿಸಿ, ಕಾರ್ಡು ಹಿಡಿದ ಹಾಗೆಯೇ ಖಾಲಿ ಕೈ ಎತ್ತಿ ಟೀಚರ ಕಡೆ ನೋಡಿದಳು. ಆ ಕೈ ಏನು ಹೇಳುತ್ತಿದೆ ಎಂದು ಟೀಚರಿಗೆ ಚೆನ್ನಾಗಿ ಗೊತ್ತಿತ್ತು. ಇನ್ನೊಂದು ಚೂರು ಎಂದು ಕಣ್ಣಲ್ಲೇ ಹೇಳಿದರು. ಕೈ ಮತ್ತೆ ಎದ್ದಿತು. ಅವರು ಬೋರ್ಡಿನ ಕಡೆ ತಿರುಗಿದರು. ಮೂರನೆಯ ಸಲ ಎದ್ದಾಗ ಸಮಿತಿಯ ಹೆಂಗಸೊಬ್ಬರು ಕತ್ತು ಚಾಚಿ ನೋಡಿದರು. ಟೀಚರು ಹತ್ತಿರ ಹೋಗಿ, ನಗುಮುಖದಲ್ಲೇ ಆ ಕೈಯನ್ನು ಮೆಲ್ಲಗೆ ಕೆಳಗೆ ಒತ್ತಿದರು.

ಗುಬ್ಬಿ ಅವರ ಮಣಿಕಟ್ಟಿಗೆ ಕಚ್ಚಿದಳು.

ಸಂಜೆ ನೋಟ್‌ಬುಕ್ ತೆರೆದು ಟೀಚರು ಮೊದಲ ಕಾಲಮ್ಮಿನಲ್ಲಿ 'ಕುರ್ಚಿ ಸದ್ದು' ಎಂದಷ್ಟೇ ಬರೆದರು. ಸುಳ್ಳೇನೂ ಅಲ್ಲ. ಕಾರ್ಡಿನ ವಿಷಯ ಬರೆಯಲು ಪೆನ್ನು ಏಳಲಿಲ್ಲ. ಆ ಪುಟವನ್ನೇ ಹೆಡ್‌ಮಿಸ್ ಸಮಿತಿಗೆ ಕಳಿಸಿದರು. ವಾರದೊಳಗೆ ಉತ್ತರ ಬಂತು: ಶಿಕ್ಷಕಿಯ ಶ್ರಮ ಮೆಚ್ಚುವಂಥದ್ದು, ಆದರೆ ಕುರ್ಚಿಯ ಸದ್ದಿನಂಥ ಅಲ್ಪ ಕಾರಣಕ್ಕೂ ಕೆರಳುವ ಮಗು ಇತರರ ಜೊತೆ ಕಲಿಯಲಾರದು.

ಗುಬ್ಬಿಯ ಸಾಮಾನು ಒಯ್ಯಲು ಅಮ್ಮ ಅವಳನ್ನೂ ಕರೆದುಕೊಂಡು ಬಂದಳು. ಟೀಚರ ಕೈಯ ಬ್ಯಾಂಡೇಜ್ ನೋಡಿ ತಲೆ ತಗ್ಗಿಸಿದಳು. "ಹೊಟ್ಟೆಗೆ ಹಾಕ್ಕೊಳ್ಳಿ ಮೇಡಂ. ಇಷ್ಟೆಲ್ಲಾ ಮಾಡಿದ ನಿಮ್ಮನ್ನೇ ಕಚ್ಚಿಬಿಟ್ಟಳಲ್ಲ, ನಿಮ್ಗೆ ಮುಖ ತೋರ್ಸೋಕೂ ಆಗ್ತಿಲ್ಲ. ಅವತ್ತು ರಾತ್ರಿ ಎರಡು ಬಿಟ್ಟೆ ಕೂಡ."

ಹೇಳಿಬಿಡಬೇಕು, ಈಗಲೇ. ಟೀಚರು ಬಾಗಿಲಲ್ಲಿ ಮಂಡಿಯೂರಿ, ಜೇಬಿನಿಂದ ಕಾರ್ಡು ತೆಗೆದು ಗುಬ್ಬಿಯ ಸೊಂಟದ ಖಾಲಿ ದಾರಕ್ಕೆ ಕಟ್ಟಿ, ಅಮ್ಮನ ಕಡೆ ತಲೆಯೆತ್ತಿದರು. "ನೋಡಮ್ಮಾ, ಅವತ್ತು ನಿಜವಾಗಿ ಏನಾಯ್ತು ಅಂದ್ರೆ..."

ಗುಬ್ಬಿ ಕಾರ್ಡು ಎತ್ತಿ ಅವರ ಮುಖದ ಮುಂದೆ ಹಿಡಿದಳು.

ಟೀಚರು ಎದ್ದು, ಬಾಗಿಲಿನಿಂದ ಸರಿದು, ದಾರಿ ಬಿಟ್ಟರು. ಬಾಯಿಗೆ ಬಂದದ್ದು ಬಾಯಲ್ಲೇ ಉಳಿಯಿತು, ಅದಕ್ಕೆ ನಿಯಮದ ನೆಪವೂ ಸಿಕ್ಕಿತು. ಕಾರಿಡಾರಿನ ತುದಿಯಿಂದ ಅಮ್ಮನ ದನಿ ಕೇಳಿಸಿತು.

"ಮೇಡಂಗೆ ಸಾರಿ ಹೇಳಿದ್ಯೇನೇ?"