ಕೆಂಚಯ್ಯನ ಕೈಗುಣ

ಚನ್ನರಾಯಪಟ್ಟಣದ ಹೆದ್ದಾರಿ ಬಿಟ್ಟು ಒಳಗೆ ಹೋದರೆ ಸಿಗುವ ಆ ಊರಿನಲ್ಲಿ ಕೆಂಚಯ್ಯನ ಕೈಗುಣ ಅರಿಯದವರಿರಲಿಲ್ಲ. ರಾಗಿಯ ಮೊದಲ ಹಿಡಿ ಬೀಜ ಎರಚುವುದಕ್ಕೆ, ಸಂತೆಯಿಂದ ತಂದ ಹೋರಿಗೆ ಮೂಗುದಾರ ಹಾಕುವುದಕ್ಕೆ, ತೆಂಗಿನ ಸಸಿಯನ್ನು ಗುಂಡಿಗೆ ಇಳಿಸುವುದಕ್ಕೆ ಅವನನ್ನೇ ಕರೆಯುತ್ತಿದ್ದರು. ಅವನು ಕೈಕಾಲು ತೊಳೆದು ಹೋಗುವನು, ಬಲಗೈಯನ್ನು ಒಮ್ಮೆ ಕಣ್ಣಿಗೊತ್ತಿಕೊಂಡು ಕೆಲಸ ಮುಟ್ಟುವನು, ಒಂದು ಲೋಟ ಕಾಫಿ ಕುಡಿದು ಬರುವನು. ದೇವರು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟಿರುತ್ತಾನೆ. ಕೆಂಚಯ್ಯನಿಗೆ ಕೊಟ್ಟದ್ದು ಅದೊಂದೇ.

ಅಂಥವನ ಮೇಲೆ ಚನ್ನಪ್ಪ ಒಂದು ಮಾತು ಆಡಿಬಿಟ್ಟ.

ಚನ್ನಪ್ಪನ ಕೊಟ್ಟಿಗೆಯ ಮಗ್ಗುಲಲ್ಲಿ ಒಂದು ವೆಲ್ಡಿಂಗ್ ಮಿಷನ್ ಇತ್ತು. ಕಡ್ಡಿ ಸಿಕ್ಕಿಸಿ ಸುಡುವ ಸಾಮಾನ್ಯ ಮಿಷನ್ ಅಲ್ಲ. ಹಾಸನದಲ್ಲಿ ಮುಚ್ಚಿಹೋದ ಯಾವುದೋ ಶೆಡ್ಡಿನಿಂದ ತಂದದ್ದು. ಅದರ ಹೊಟ್ಟೆಯೊಳಗೆ ತಂತಿಯ ಸುರುಳಿ. ಕೈಯಲ್ಲಿ ಹಿಡಿಯುವ ಗನ್ನಿನ ಗುಂಡಿ ಒತ್ತಿದರೆ ಎರಡು ಪುಟ್ಟ ಚಕ್ರಗಳು ಆ ತಂತಿಯನ್ನು ಕಚ್ಚಿ ಉದ್ದನೆಯ ಪೈಪಿನೊಳಗೆ ತಳ್ಳುತ್ತವೆ. ತಂತಿ ತುದಿಗೆ ತಾನಾಗಿ ಬಂದು ಉರಿಯುತ್ತದೆ. ಸುತ್ತಲ ಊರುಗಳಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಚನ್ನಪ್ಪ ಅದನ್ನು ಎಮ್ಮೆಯ ಮೈ ತಿಕ್ಕಿದ ಹಾಗೆ ದಿನಾ ಒರೆಸುವನು.

ಆ ವರ್ಷ ಊರ ಬಸವಣ್ಣನ ಗುಡಿಗೆ ಒಂದು ಗೇಟು ಮಾಡಿಕೊಡುತ್ತೇನೆಂದು ಅವನು ಹರಸಿಕೊಂಡಿದ್ದ. ಕಡೇ ಕಾರ್ತಿಕ ಸೋಮವಾರದ ದೀಪೋತ್ಸವಕ್ಕೆ ನಿಲ್ಲಬೇಕು. ಅರ್ಧ ಕೆಲಸ ಆಗಿತ್ತು. ಜಗಲಿಯ ಮೇಲೆ ನಾಲ್ಕು ಮಂದಿ ಕೂತು ನೋಡುತ್ತಿದ್ದಾಗ ಕೆಂಚಯ್ಯ ಬಂದ.

"ಬಸವಣ್ಣನ ಕೆಲ್ಸ ಕಣಣ್ಣ. ನಾನೂ ಒಂದ್ ಗೆರೆ ಎಳೀತೀನಿ, ಕೊಡು."

"ಎಳಿ, ಎಳಿ. ಕೈ ಅದುರ್ಬಾರ್ದು ಅಷ್ಟೆ," ಎಂದು ಚನ್ನಪ್ಪ ಗನ್ನು ಕೊಟ್ಟ.

ಕೆಂಚಯ್ಯ ಬಲಗೈ ಕಣ್ಣಿಗೊತ್ತಿಕೊಂಡು ಗುಂಡಿ ಒತ್ತಿದ. ತಂತಿ ಎರಡು ಸಲ ಕೆಮ್ಮಿದ ಹಾಗೆ ಮಾಡಿ ನಿಂತಿತು. ಒಳಗೆ ಚಕ್ರ ಗರಗರ ತಿರುಗುತ್ತಿದೆ, ತುದಿಯಲ್ಲಿ ತಂತಿಯಿಲ್ಲ.

ಚನ್ನಪ್ಪ ತುದಿಯ ತಾಮ್ರದ ನಳಿಗೆ ಬದಲಾಯಿಸಿದ. ಬರಲಿಲ್ಲ. ಚಕ್ರ ಜಾರುತ್ತಿದೆಯೆಂದು ಅದರ ತಿರುಪು ಬಿಗಿದ. ಆಗ ಇನ್ನೂ ಕೆಟ್ಟಿತು: ಮುಂದೆ ಹೋಗಲಾರದ ತಂತಿ ಚಕ್ರದ ಬುಡದಲ್ಲೇ ಕಾಯಿನಾರಿನ ಉಂಡೆಯಂತೆ ಸಿಕ್ಕುಗಟ್ಟಿತು. ಕತ್ತರಿಸಿ ತೆಗೆದ. ಮತ್ತೆ ಸಿಕ್ಕು. ಜಗಲಿಯ ಮೇಲೆ ಯಾರೋ ಕಿಸಕ್ಕೆಂದರು.

"ಮಿಷನ್ನು ಮುನಿಸ್ಕೊಂಡೈತೆ ಕಣಣ್ಣ, ಬೆಲ್ಲ ಕೊಡು," ಎಂದ ಗಂಗಯ್ಯ.

ಚನ್ನಪ್ಪನ ಮುಖ ಕೆಂಪಾಯಿತು. "ಬೆಳಗಿಂದ ನೆಟ್ಟಗೆ ಓಡ್ತಿತ್ತು. ಇವ್ನು ಮುಟ್ಟಿದ್ದೇ ನಿಂತೋಯ್ತು. ಅದೇನ್ ಕೈಗುಣ ಅಂತ ಕರೀತೀರೋ ನೀವೆಲ್ಲಾ!"

ನಗು ನಿಂತಿತು. ಕೆಂಚಯ್ಯ ಗನ್ನನ್ನು ಮೆಲ್ಲಗೆ ನೆಲಕ್ಕಿಟ್ಟ. ತನ್ನ ಕೈಯನ್ನೊಮ್ಮೆ ನೋಡಿಕೊಂಡು ಟವಲಿಗೆ ಒರೆಸಿಕೊಂಡ. "ಇದ್ರೂ ಇರ್ಬೌದು ಕಣಣ್ಣ," ಎಂದು ಎದ್ದುಹೋದ.

ಮಿಷನ್ ಹಾಗೇ ಬಿದ್ದಿತ್ತು. ಒಂದು ದಿನ ಚನ್ನಪ್ಪನ ಹೆಂಡತಿ ಶಿವಗಂಗಮ್ಮ ನೀರಿನ ಬಿಂದಿಗೆ ಇಳಿಸುತ್ತಾ ಹೇಳಿದಳು:

"ದೊಡ್ಡತಾಯಮ್ಮಾರು ತ್ವಾಟಕ್ಕೆ ತೆಂಗಿನ ಸಸಿ ತರ್ಸವ್ರೆ. ನಾಳೆ ನೆಡ್ಸ್ತಾರಂತೆ, ಗಂಗಯ್ಯನ ಕೈಲಿ."

"ಯಾಕೆ, ಕೆಂಚಯ್ಯ ಊರಾಗಿಲ್ವಾ?"

"ಊರಾಗೇ ಅವ್ನೆ. ನೀವೇ ಅಂದ್ರಲ್ಲ. ಬೆಳೆಯೋ ಸಸಿ, ಅವ್ನ ಕೈ ಯಾಕ್ ಬೇಕು ಅಂತ ಅಂದ್ರಂತೆ ಆವಮ್ಮ."

"ನಾನೇನ್ ಇಲ್ದಿದ್ದು ಅಂದ್ನಾ?" ಎಂದು ಚನ್ನಪ್ಪ ಎದ್ದ. ಆದರೆ ಮನಸ್ಸು ನಿಲ್ಲಲಿಲ್ಲ. ಹೋಗಿ ಮಿಷನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತ.

ಈ ಸಲ ಅವಸರ ಮಾಡಲಿಲ್ಲ. ಗನ್ನಿನ ಪೈಪು ಬಿಚ್ಚಿದ. ಅದರೊಳಗೆ ತಂತಿ ಹರಿಯುವ ಸಣ್ಣ ಕೊಳವೆಯನ್ನು ಹೊರಗೆಳೆದು, ಟ್ರಾಕ್ಟರಿನ ಟೈರಿಗೆ ಗಾಳಿ ಹೊಡೆಯುವ ಪಂಪು ಹಚ್ಚಿ ಊದಿದ. ಇನ್ನೊಂದು ತುದಿಯಿಂದ ಭುಸ್ಸೆಂದು ಕೆಂಪು ಪುಡಿ ಹಾರಿ ಅವನ ಬನಿಯನ್ನಿನ ಮೇಲೆಲ್ಲ ಬಿತ್ತು.

ತುಕ್ಕು ಅಂದುಕೊಂಡ. ಬೆರಳಿಗೆ ತೆಗೆದುಕೊಂಡು ಉಜ್ಜಿದ. ತುಕ್ಕು ಇಷ್ಟು ಕೆಂಪಾಗಿರುವುದಿಲ್ಲ. ಮೂಗಿನ ಹತ್ತಿರ ಹಿಡಿದ. ಹಳಸಿದ ಕೊಬ್ಬರಿ ಎಣ್ಣೆಯ ವಾಸನೆ. ಚಕ್ರದ ತೋಡಿನಲ್ಲೂ ಅದೇ ಕೆಂಪು, ಗಟ್ಟಿಯಾಗಿ ಕೂತಿತ್ತು.

ಕುಂಕುಮ.

ಆಯುಧಪೂಜೆಯ ದಿನ ಕಣ್ಣ ಮುಂದೆ ಬಂತು. ನೇಗಿಲಿಗೆ, ಟ್ರಾಕ್ಟರಿಗೆ, ಮಚ್ಚಿಗೆ ಒಂದೊಂದು ಬೊಟ್ಟಿಟ್ಟವನು ಈ ಮಿಷನ್ನಿನ ಮುಚ್ಚಳ ತೆಗೆದು, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ತಂತಿಯ ಸುರುಳಿಯ ಮೇಲೇ ಬೆರಳು ತುಂಬ ಬಳಿದಿದ್ದ. "ಮೇಲಿಟ್ರೆ ಸಾಲ್ದಾ?" ಎಂದು ಶಿವಗಂಗಮ್ಮ ಕೇಳಿದ್ದಳು. "ದುಡಿಯೋದು ತಂತಿ ಕಣೆ, ಡಬ್ಬ ಅಲ್ಲ," ಎಂದು ನಕ್ಕಿದ್ದ. ಅಂದಿನಿಂದ ತಂತಿ ಆ ಕುಂಕುಮವನ್ನು ಹೊತ್ತುಕೊಂಡು ಕೊಳವೆಯೊಳಗೆ ಹೋಗುತ್ತಲೇ ಇತ್ತು. ಪೂರ್ತಿ ಕಟ್ಟಿಕೊಂಡ ಗಳಿಗೆಯಲ್ಲಿ ಗನ್ನು ಯಾರ ಕೈಯಲ್ಲಿತ್ತೋ, ಅವನ ಹಣೆಬರಹ.

ಮುಟ್ಟಿ ಕೆಡಿಸಿದ ಕೈ ಯಾವುದೆಂದು ಈಗ ಗೊತ್ತಾಯಿತು. ಅದರಲ್ಲಿ ಇನ್ನೂ ಕೆಂಪು ಮೆತ್ತಿತ್ತು.

ಕೊಳವೆ ತೊಳೆದು ಒಣಗಿಸಿದ. ಚಕ್ರದ ತೋಡು ಕೆರೆದ. ಸುರುಳಿಯ ಮೇಲಿನ ಕೊಳೆಯಾದ ತಂತಿ ಬಿಚ್ಚಿ ಎಸೆದ, ಬಿಗಿದ ತಿರುಪು ಸಡಿಲಿಸಿದ. ಗುಂಡಿ ಒತ್ತಿದರೆ ತಂತಿ ಹಾಲು ಕರೆದಷ್ಟು ಸರಾಗ ಬಂತು.

ಬೀದಿಯಲ್ಲಿ ಹೋಗುತ್ತಿದ್ದ ಗಂಗಯ್ಯ ಸದ್ದು ಕೇಳಿ ನಿಂತ. "ಆಯ್ತಾ? ಏನಾಗಿತ್ತಣ್ಣಾ?"

ಒಂದು ಮಾತು ಸಾಕಿತ್ತು. ನಾಳೆ ಸಸಿಗಳನ್ನು ಕೆಂಚಯ್ಯನೇ ನೆಡುತ್ತಿದ್ದ.

"ವೋಲ್ಟೇಜು ಕಣಯ್ಯಾ," ಎಂದ ಚನ್ನಪ್ಪ.

ಬಾಗಿಲಲ್ಲಿ ನಿಂತಿದ್ದ ಶಿವಗಂಗಮ್ಮ ಅವನ ಬನಿಯನ್ನಿನ ಮೇಲಿನ ಕೆಂಪು ನೋಡಿದಳು. "ಬಿಚ್ಚಿಕೊಡಿ, ನೆನೆಹಾಕ್ತೀನಿ," ಎಂದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಗಂಗಯ್ಯ ಸಸಿ ನೆಟ್ಟ. ಗೇಟು ಸಿದ್ಧವಾಯಿತು. ಕಡೇ ಸೋಮವಾರ ಹೊತ್ತು ಮುಳುಗುವ ಮುಂಚೆ ಊರೆಲ್ಲ ಎಣ್ಣೆ ಬತ್ತಿ ಹಿಡಿದು ಗುಡಿಗೆ ಬಂದರು. ಗೇಟಿನ ಸರಳು ಸರಳನ್ನೂ ಹೊಗಳಿದರು. ಚನ್ನಪ್ಪ ಒಳಗೆ ಬಸವಣ್ಣನ ಮಗ್ಗುಲಲ್ಲಿ ಕೈಮುಗಿದು ನಿಂತಿದ್ದ. ಹೊಗಳಿದಷ್ಟೂ ತಲೆ ತಗ್ಗುತ್ತಿತ್ತು.

ಆಗ ಕೆಂಚಯ್ಯ ಬಂದ, ಕೈಯಲ್ಲಿ ಒಂದು ಹಣತೆ. ಮುಂದೆ ಹೋದವರು ಬಿಟ್ಟಾಗ ಗೇಟು ತಾನೇ ಮುಚ್ಚಿಕೊಂಡಿತ್ತು. ಕೆಂಚಯ್ಯ ನಿಂತ. ಹಿಂದೆ ತಿರುಗಿ ನೋಡಿದ. ದೊಡ್ಡತಾಯಮ್ಮ ಕೋಲೂರಿಕೊಂಡು ನಿಧಾನಕ್ಕೆ ಬರುತ್ತಿದ್ದಳು. ಯಾರಾದರೂ ತೆಗೆಯಲಿ ಎಂದು ಅವನು ಪಕ್ಕಕ್ಕೆ ಸರಿದು, ಬಲಗೈಯನ್ನು ಟವಲಿನ ಕೆಳಗೆ ಇಟ್ಟುಕೊಂಡು ಕಾದ.

ಚನ್ನಪ್ಪನಿಗೆ ಇನ್ನು ನಿಲ್ಲಲಾಗಲಿಲ್ಲ. ಗೇಟಿನವರೆಗೂ ಬಂದ, ಒಳಗಿನಿಂದಲೇ ಸರಳು ಹಿಡಿದುಕೊಂಡ.

"ಕೆಂಚಯ್ಯ, ಮಿಷನ್ ಕೆಡ್ಸಿದ್ದು ನಾನು ಕಣಯ್ಯಾ. ಆಯುಧಪೂಜೆಲಿ ತಂತಿಗೇ ಕುಂಕುಮ ಬಳ್ದಿದ್ದೆ. ಅದೇ ಕಟ್ಕೊಂಡಿತ್ತು. ಸಸಿ ನೆಡೋಕ್ ಮುಂಚೇನೇ ನಂಗೆ ಗೊತ್ತಾಗಿತ್ತು. ವೋಲ್ಟೇಜು ಅಂದ್ಬುಟ್ಟೆ." ದೊಡ್ಡತಾಯಮ್ಮನ ಕಡೆ ತಿರುಗಿದ. "ದೊಡ್ಡತಾಯಮ್ಮಾರೇ, ನೀವೂ ಕೇಳುಸ್ಕೊಳಿ."

ಎಲ್ಲರೂ ಕೇಳಿಸಿಕೊಂಡರು. ಗಂಗಯ್ಯ ಮಾತ್ರ ಗೊಣಗಿದ: "ಅಲ್ಲಣ್ಣ, ಅದ್ರ ಹೊಟ್ಟೆಗ್ಯಾಕೆ ಕುಂಕುಮ ತಿನ್ಸಿದ್ಯೋ?"

ದೊಡ್ಡತಾಯಮ್ಮ ಕೋಲು ಊರಿ ನಿಂತಳು. "ನೆಟ್ಟಾಯ್ತಲ್ಲಪ್ಪಾ," ಎಂದಳು, ಕೆಂಚಯ್ಯನ ಮುಖ ನೋಡದೆ. "ನೆಟ್ಟಿದ್ದನ್ನ ಕಿತ್ತು ನೆಡಕ್ಕಾಯ್ತದಾ?"

"ಬುಡಿ ಅವ್ವಾ, ಗಂಗಯ್ಯನ ಕೈಲೂ ಬೆಳೀತವೆ," ಎಂದ ಕೆಂಚಯ್ಯ. ಆಮೇಲೆ ಚನ್ನಪ್ಪನಿಗೆ, "ನೀ ಅಂದ್ಮೇಲೆ ನಾನೂ ನಂಬ್ಬುಟ್ಟಿದ್ದೆ ಕಣಣ್ಣ. ಮನೇಲಿ ಕರು ಮುಟ್ಟಕ್ಕೂ ಎದ್ರಿಕೆ ಆಗ್ತಿತ್ತು."

ಚನ್ನಪ್ಪ ಸರಳು ಬಿಟ್ಟು ಹಿಂದೆ ಸರಿದ. ಕೆಂಚಯ್ಯ ಹಣತೆಯನ್ನು ಎಡಗೈಗೆ ದಾಟಿಸಿದ. ಬಲಗೈಯನ್ನು ಟವಲಿನಿಂದ ಹೊರಗೆ ತೆಗೆದ. ಕಣ್ಣಿಗೊತ್ತಿಕೊಳ್ಳಲು ಎತ್ತಿದವನು ಅರ್ಧಕ್ಕೆ ತಡೆದ. ಆಮೇಲೆ ಒತ್ತಿಕೊಂಡು ಗೇಟು ನೂಕಿದ. ಅದು ಸದ್ದಿಲ್ಲದೆ ತೆರೆಯಿತು.

ಆ ಅರ್ಧ ಗಳಿಗೆ ತಡೆದ ಕೈಯನ್ನು ಚನ್ನಪ್ಪ ನೋಡಿದ್ದ. ಅವನು ಬಸವಣ್ಣನ ಕಡೆ ತಿರುಗಿದ, ಆದರೆ ಮುಗಿಯಲೆಂದು ತನ್ನ ಕೈಗಳನ್ನು ಮೇಲೆತ್ತುವುದು ಬಹಳ ಹೊತ್ತಿನವರೆಗೂ ಅವನಿಂದಾಗಲಿಲ್ಲ.