ಹಂಡೆಯ ಮೇಲಿನ ಕಲ್ಲು

ಬೂದಿ ಹಾಕಿದ ಮಂಕರಿಯಲ್ಲಿ ಕೂತು ಬೂದ ಮತ್ತೊಮ್ಮೆ ತಿಣುಕಿತು. ಮುನಿಯಕ್ಕ ಉಸಿರು ಬಿಗಿಹಿಡಿದು ಬಗ್ಗಿ ನೋಡಿದಳು. ಒಂದು ತೊಟ್ಟೂ ಇಲ್ಲ.

“ಉಯ್ಕೊಳ್ಳೋ ನನ್ನಪ್ಪ. ಒಂದೇ ಒಂದ್ ಕಿತ ಉಯ್ಕೊಳ್ಳೋ,” ಎಂದು ಗೋಗರೆದಳು. ಬೆಕ್ಕು ಅವಳ ಮುಖ ನೋಡಿ ಬಾಯಿ ತೆರೆಯಿತು. ದನಿ ಹೊರಡಲಿಲ್ಲ. ಹಾಗೇ ಪಕ್ಕಕ್ಕೆ ವಾಲಿತು.

ನಿನ್ನೆ ಮಧ್ಯಾಹ್ನದಿಂದ ಇದೇ ಗೋಳು. ಪಟ್ಟಣದ ದನದ ಆಸ್ಪತ್ರೆಯಲ್ಲಿ ಬೂದನ ಹೊಟ್ಟೆ ಕೊಯ್ದು, ಉಚ್ಚೆಯ ಚೀಲದಿಂದ ರಾಗಿ ಕಾಳಿನಂಥ ಏಳು ಕಲ್ಲು ತೆಗೆದು, ಹೊಲಿಗೆ ಹಾಕಿ ಕಳಿಸಿ ಮೂರು ದಿನವಾಗಿತ್ತು. ಮಾಕಳಿಯಲ್ಲಿ ಕೊತ್ತಿಗೆ ಆಪರೇಷನ್ ಮಾಡಿಸಿದವರು ಅಂತ ಅದುವರೆಗೆ ಯಾರೂ ಇರಲಿಲ್ಲ. ಗಂಡ ಚಿನ್ನಪ್ಪ ತುಮಕೂರು ರಸ್ತೆಯ ಕಾರ್ಖಾನೆಯೊಂದರಲ್ಲಿ ಗೇಟು ಕಾಯುತ್ತಿದ್ದ. ಅಲ್ಲಿಯ ಮೇನೇಜರು ತನ್ನ ನಾಯಿ ನೋಡುವ ಡಾಕ್ಟರಿಗೆ ಚೀಟಿ ಬರೆದುಕೊಟ್ಟಿದ್ದ. ಊರೆಲ್ಲ ನಕ್ಕಿತು. ನಗಲಿ ಬಿಡಿ, ಊರಿಗೇನು ಗೊತ್ತು? ಈ ಬೆಕ್ಕನ್ನು ಒಲೆಯ ಬೂದಿಯಿಂದ ಎತ್ತಿ ಸಾಕಿದವಳು ಮಗಳು ವಸಂತ. ಬಾಣಂತನಕ್ಕೆ ತವರಿಗೆ ಬಂದ ವಸಂತ, ಹೆತ್ತ ಎಂಟನೇ ದಿನ ಜ್ವರ ನೆತ್ತಿಗೇರಿ ಕಣ್ಣು ಮುಚ್ಚಿ ಮೂರು ವರ್ಷ. ಕೂಸನ್ನು ಅಳಿಯನ ಕಡೆಯವರು ಹೊಸಕೋಟೆಗೆ ಎತ್ತಿಕೊಂಡು ಹೋದರು. ಮಗಳ ಕೈಯಲ್ಲಿ ಆಡಿದ ಜೀವ ಅಂತ ಆ ಮನೆಯಲ್ಲಿ ಉಳಿದದ್ದು ಇದೊಂದೇ. ಇದೂ ಹೋದರೆ ತಾನಿನ್ನು ಯಾಕೆ ಬದುಕಿರಬೇಕು ಅಂತ ಮುನಿಯಕ್ಕನಿಗೆ ತಿಳಿಯಲಿಲ್ಲ.

ಆರೈಕೆಯಲ್ಲಿ ಅವಳೇನು ಕಮ್ಮಿ ಮಾಡಿದ್ದಳೇ? ರಾಮ ರಾಮ! ಮುನಿಯಕ್ಕನ ಕೈ ಅಂದರೆ ಸುತ್ತ ನಾಲ್ಕು ಹಳ್ಳಿಗೆ ಬಾಣಂತನದ ಕೈ. ಹೊಟ್ಟೆ ಕೊಯ್ಸಿಕೊಂಡ ಜೀವಕ್ಕೆ ಬೇರೆ ಏನು ಮಾಡುತ್ತಾರೆ? ಹಳೇ ಸೀರೆ ಹರಿದು ಬೂದನ ಹೊಟ್ಟೆಗೆ ಬಿಗಿಯಾಗಿ ಕಟ್ಟಿದಳು. ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ ಹೊಗೆ ಕೊಟ್ಟಳು. ಬಿಸಿ ಅನ್ನಕ್ಕೆ ತುಪ್ಪ, ಚಿಟಿಕೆ ಮೆಣಸಿನಪುಡಿ ಕಲಸಿ ಉಂಡೆ ಮಾಡಿ ತಿನ್ನಿಸಿದಳು. ನೀರನ್ನು ಮಾತ್ರ ಕಣ್ಣಿಗೂ ತೋರಿಸಲಿಲ್ಲ. ಹಸೀ ಮೈಗೆ ನೀರು ಇಳಿದರೆ ನಂಜಾಗುತ್ತದೆ, ಗಾಯ ಕೀವು ಕಟ್ಟುತ್ತದೆ. ಇದೇನು ಹೆಂಗಸರಿಗೆ ಯಾರಾದರೂ ಹೇಳಿಕೊಡಬೇಕಾದ ಮಾತೇ?

“ನೀರು ಜಾಸ್ತಿ ಕುಡಿಸ್ಬೇಕು ಅಂದವ್ರೆ ಕಣೇ ಡಾಕ್ಟ್ರು,” ಎಂದು ಚಿನ್ನಪ್ಪ ಮೊದಲ ದಿನವೇ ಹೇಳಿದ್ದ.

“ಅವ್ನು ಎಷ್ಟ್ ಬಾಣಂತನ ಮಾಡವ್ನೆ? ಇನ್ನೂ ಸರ್ಯಾಗಿ ಮೀಸೆ ಬಂದಿಲ್ಲ. ನೀನ್ ಓಗಿ ಗೇಟ್ ಕಾಯಿ,” ಎಂದು ಬಾಯಿ ಮುಚ್ಚಿಸಿದ್ದಳು.

ಪಕ್ಕದ ಮನೆ ವೆಂಕಟಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು. “ಗಂಡು ಕೊತ್ತಿಗೆ ಬಾಣಂತನ! ಅಂಗೇ ಒಂದ್ ತೊಟ್ಲು ಕಟ್ಬುಡಕ್ಕ, ಎಸ್ರಿಡಾಕೆ ನಾನೂ ಬತ್ತೀನಿ.”

ಆ ವೆಂಕಟಮ್ಮ ಇವತ್ತು ಬಂದವಳು ನಗಲಿಲ್ಲ. “ಯಾಕಕ್ಕ, ಕಣ್ಣು ಗುಳಿ ಬಿದ್ದೋಗವೆ,” ಎಂದು ಮೆಲ್ಲಗೆ ಕೇಳಿದಳು.

ಅಷ್ಟರಲ್ಲಿ ಬೂದ ಎದ್ದು ತೆವಳುತ್ತಾ ಬಚ್ಚಲ ಕಡೆ ಹೊರಟಿತು. ಹಿಂಗಾಲು ಎಳೆದುಕೊಂಡು ಹೋಗಿ, ತಾಮ್ರದ ಹಂಡೆಯ ಬುಡದಲ್ಲಿ ತೇವವಿದ್ದ ಚಪ್ಪಡಿಯನ್ನು ನೆಕ್ಕತೊಡಗಿತು. ಬೆಳಗಿನಿಂದ ಇದು ಮೂರನೇ ಸಲ. ಮುನಿಯಕ್ಕ ಓಡಿ ಎತ್ತಿಕೊಂಡಳು. ಬರುವಾಗ ಹಂಡೆಯ ಮುಚ್ಚಳದ ಮೇಲಿನ ಗುಂಡುಕಲ್ಲನ್ನು ಒಮ್ಮೆ ಮುಟ್ಟಿ ನೋಡಿದಳು. ಬೆಕ್ಕು ಮುಚ್ಚಳ ಎತ್ತುತ್ತದೆಯೇ, ಹುಚ್ಚು! ಆದರೆ ಆ ಕಲ್ಲು ಅಲ್ಲಿ ಕೂತು ಮೂರು ವರ್ಷವಾಗಿತ್ತು. ದಿನಾ ಎತ್ತಿಡುವುದು, ಮತ್ತೆ ಹೇರುವುದು ಕೈಗೆ ರೂಢಿಯಾಗಿಬಿಟ್ಟಿತ್ತು.

ಎತ್ತಿಕೊಂಡ ಬೂದನ ತೊಗಲು ಹಿಡಿದರೆ ಹಿಡಿದ ಹಾಗೇ ನಿಂತಿತು. ಅದನ್ನು ಕಂಡದ್ದೇ ಮುನಿಯಕ್ಕ ಬುಟ್ಟಿಯಲ್ಲಿ ಮಲಗಿಸಿ, ಸೊಂಟಕ್ಕೇರಿಸಿ, ಚಪ್ಪಲಿಯನ್ನೂ ಮೆಟ್ಟದೆ ಕಾರ್ಖಾನೆಗೆ ಓಡಿದಳು. ಮಟಮಟ ಮಧ್ಯಾಹ್ನ; ರಸ್ತೆಯ ಟಾರು ಕಾಲು ಸುಡುತ್ತಿತ್ತು. ದಾಟುವಾಗ ಲಾರಿಯವನೊಬ್ಬ ಬ್ರೇಕು ಹಾಕಿ ಬೈದದ್ದೂ ಅವಳಿಗೆ ಕೇಳಲಿಲ್ಲ.

ಚಿನ್ನಪ್ಪ ಹೆಂಡತಿಯ ಮುಖ ನೋಡಿದವನೇ ಏನೂ ಕೇಳದೆ ಗೇಟಿನ ಕೋಣೆಯ ಫೋನು ತಿರುಗಿಸಿದ. ಆಸ್ಪತ್ರೆ ಸಿಕ್ಕಿ, ಡಾಕ್ಟರು ಲೈನಿಗೆ ಬಂದ ಮೇಲೆ ಅವಳ ಕೈಗೆ ಕೊಟ್ಟು ತಾನೂ ಕಿವಿಯಾನಿಸಿ ನಿಂತ. ಬೂದ ನಿನ್ನೆಯಿಂದ ಉಚ್ಚೆ ಹೊಯ್ದಿಲ್ಲ ಅಂತ ಮುನಿಯಕ್ಕ ಒಂದೇ ಉಸಿರಿಗೆ ಹೇಳಿದಳು.

“ಹೊಟ್ಟೆ ಉಬ್ಬಿದೆಯೇನಮ್ಮಾ? ಗಟ್ಟಿಯಾಗಿದೆಯಾ?”

“ಇಲ್ಲ ಸಾಮಿ, ಬತ್ತೋಗದೆ.”

“ನೀರು ಎಷ್ಟು ಕುಡೀತಿದೆ?”

“ಒಂದ್ ತೊಟ್ಟೂ ಕೊಟ್ಟಿಲ್ಲ ಸಾಮಿ. ಇವತ್ತಿಗ್ ಮೂರ್ ದಿನ,” ಎಂದಳು. ಅಂಥ ಹೊತ್ತಿನಲ್ಲೂ ಅವಳ ದನಿಯಲ್ಲಿ ಒಂದಿಷ್ಟು ಹೆಮ್ಮೆ ಇತ್ತು.

“ಅಯ್ಯೋ, ಎಂಥ ಕೆಲಸ ಮಾಡಿದ್ರಮ್ಮಾ! ನೀರಿಲ್ದೆ ಉಚ್ಚೆ ಎಲ್ಲಿಂದ ಬರುತ್ತೆ? ಈಗಲೇ ಸ್ವಲ್ಪ ಸ್ವಲ್ಪ ನೀರು ಬಿಡಿ, ಬಿಡ್ತಾನೇ ಇರಿ. ಹೊಟ್ಟೆಗೆ ಏನಾದ್ರೂ ಕಟ್ಟಿದ್ರೆ ಬಿಚ್ಚಿಹಾಕಿ. ಸಂಜೆ ಒಳಗೆ ಉಚ್ಚೆ ಹೋಗದಿದ್ರೆ ಎತ್ಕೊಂಡು ಬನ್ನಿ.”

“ಕೊಯ್ದಿರೋ ಹೊಟ್ಟೆ ಸಾಮಿ. ನಂಜಾಗಕಿಲ್ವಾ?”

“ಯಾರಮ್ಮಾ ಹಾಗೆ ಹೇಳಿದ್ದು? ಮನುಷ್ಯರಿಗೂ ನೀರು ಕೊಡಲೇಬೇಕು.”

ಮುನಿಯಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಜರ ಬಂದಿದ್ರೂವೆ?”

“ಜ್ವರ ಬಂದ್ರಂತೂ ಇನ್ನೂ ಜಾಸ್ತಿ.”

“ಹಸೀ ಬಾಣಂತಿಗೂ?”

“ಹಾಲು ಇಳೀಬೇಡ್ವೇನಮ್ಮಾ? ಕೇಳಿದಷ್ಟೂ ಕೊಡಬೇಕು. ಯಾಕೆ, ಮನೇಲಿ ಬಾಣಂತಿ ಇದಾರಾ?”

“ಇಲ್ಲ ಸಾಮಿ,” ಎಂದಳು. “ಈಗ ಇಲ್ಲ.”

ಚಿನ್ನಪ್ಪ ಅವಳ ಕೈಯಿಂದ ಫೋನು ತೆಗೆದು ಇಟ್ಟ. ಹೆಂಡತಿಯ ಮುಖ ನೋಡುವ ಧೈರ್ಯವಾಗದೆ, ಯಾವ ಗಾಡಿಯೂ ಬರದಿದ್ದರೂ ಹೋಗಿ ಗೇಟಿನ ಬಳಿ ನಿಂತುಕೊಂಡ.

ಮನೆಗೆ ಬಂದು ಬೂದನ ಕಟ್ಟು ಬಿಚ್ಚಿದಳು. ವಸಂತಳ ಕೂಸಿಗೆ ಹಾಲು ಹಾಕಲು ತಂದಿದ್ದ ಬೆಳ್ಳಿಯ ಒಳಲೆ ಗೂಡಿನಲ್ಲಿ ಹಾಗೇ ಇತ್ತು. ಅದರಲ್ಲೇ ನೀರು ತುಂಬಿ ಬೆಕ್ಕಿನ ಬಾಯಂಚಿಗೆ ಹಿಡಿದಳು. ಮೊದಲ ಗುಟುಕು ಹೊರಗೇ ಚೆಲ್ಲಿತು. ಎರಡನೆಯದಕ್ಕೆ ನಾಲಿಗೆ ಅಲುಗಿತು. ಆಮೇಲೆ ಅದು ಒಳಲೆಯನ್ನೇ ಕಚ್ಚಿಕೊಂಡು ಕುಡಿಯತೊಡಗಿತು, ಬಿಡಲೊಲ್ಲದು.

ಹೆತ್ತ ಏಳನೇ ದಿನ ವಸಂತಳೂ ಹೀಗೇ ಒಣಗಿದ ತುಟಿಯಲ್ಲಿ “ಅವ್ವ, ಒಂದೇ ಒಂದ್ ಗುಟುಕು,” ಅಂದಿದ್ದಳು. ಮೈ ಕೆಂಡದಂತೆ ಸುಡುತ್ತಿತ್ತು. ಅವ್ವ ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ತೆವಳಿಕೊಂಡು ಬಚ್ಚಲಿಗೆ ಹೋಗಿ ಹಂಡೆಯ ಮುಚ್ಚಳಕ್ಕೆ ಕೈ ಹಾಕಿದ್ದಳು. ಮುನಿಯಕ್ಕ ರಟ್ಟೆ ಹಿಡಿದು ಎಳೆದು ತಂದು ಮಲಗಿಸಿದ್ದಳು. “ನಿನ್ ಒಳ್ಳೇದುಕ್ಕೇ ಕಣವ್ವ,” ಅಂದಿದ್ದಳು. ಅಂದೇ ಒರಳಿನ ಗುಂಡುಕಲ್ಲನ್ನು ತಂದು ಮುಚ್ಚಳದ ಮೇಲೆ ಹೇರಿದ್ದಳು.

ಕಾರ್ಖಾನೆಯ ಮೊದಲ ಪಾಳಿ ಬಿಟ್ಟ ಸೈರನ್ನು ಕೇಳಿಸಿತು. ಅವಳು ಒಳಲೆ ತುಂಬುತ್ತಲೇ ಇದ್ದಳು. ಬಿಸಿಲು ಹೊಸಿಲು ದಾಟಿ ಅಂಗಳಕ್ಕಿಳಿಯುವ ಹೊತ್ತಿಗೆ ಮಡಿಲು ಬೆಚ್ಚಗಾಯಿತು. ಸೀರೆ ನೆನೆದು ತೊಡೆಯ ಮೇಲಿಂದ ಹರಿದು ಚಾಪೆಗೆ ಇಳಿಯಿತು. ಮುನಿಯಕ್ಕ ಅಲುಗಾಡದೆ ಕೂತಳು. ಆಮೇಲೆ ಬಾಯಿಬಿಟ್ಟು ಅತ್ತಳು.

ಕೊತ್ತಿ ಸತ್ತೇಹೋಯಿತು ಅಂದುಕೊಂಡು ವೆಂಕಟಮ್ಮ ಓಡಿಬಂದಳು. ನೆನೆದ ಸೀರೆ ನೋಡಿ, “ಅಯ್ ನಿನ್ನ! ಉಯ್ಕೊಂತಲ್ಲಕ್ಕ, ಬದುಕ್ಕೊಂತು. ಇನ್ಯಾಕಿಂಗ್ ಅಳ್ತೀಯ?” ಎಂದಳು.

“ಕೇಳ್ತು ಕಣೆ,” ಎಂದಳು ಮುನಿಯಕ್ಕ. “ನನ್ ಕೂಸು ಕೈಮುಗ್ದು ಕೇಳ್ತು. ನಾನೇ ಕೊಡ್ನಿಲ್ಲ.”

ವೆಂಕಟಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದ ಮೇಲೆ ಅವಳೂ ಗೋಡೆಗೊರಗಿ ಕೂತುಬಿಟ್ಟಳು. ಅವಳ ಎರಡು ಬಾಣಂತನವನ್ನೂ ಮಾಡಿದ್ದು ಇದೇ ಕೈ.

ಸಂಜೆ ಚಿನ್ನಪ್ಪ ಬಂದಾಗ ಬೂದ ಬುಟ್ಟಿಯಲ್ಲಿ ಮಲಗಿತ್ತು, ಪಕ್ಕದಲ್ಲಿ ನೀರಿನ ಬಟ್ಟಲಿತ್ತು. ಗುಂಡುಕಲ್ಲು ಅಂಗಳದಾಚೆ ಬೇಲಿಯ ಬುಡದಲ್ಲಿ ಬಿದ್ದಿತ್ತು. ಅವನು ಕಾಲು ತೊಳೆಯಲು ಬಚ್ಚಲಿಗೆ ಹೋದ. ಹಂಡೆಯಲ್ಲಿ ಕಂಠದವರೆಗೂ ನೀರು ತುಂಬಿತ್ತು, ಮುಚ್ಚಳ ಗೋಡೆಗೊರಗಿತ್ತು. ಕೈಗೆತ್ತಿಕೊಂಡ.

“ಮುಚ್ಬ್ಯಾಡ,” ಎಂದಳು ಮುನಿಯಕ್ಕ ಒಳಗಿನಿಂದ. “ಅಂಗೇ ಇರ್ಲಿ.”

ಮುಚ್ಚಳವನ್ನು ಮತ್ತೆ ಗೋಡೆಗೆ ಒರಗಿಸುವಾಗ ಅವನಿಗೆ ಕಂಡಿತು. ಹಂಡೆಯ ಪಕ್ಕ, ಕೆಳಗೆ ನೆಲದ ಮೇಲೆ, ತೆವಳಿಕೊಂಡು ಬಂದವರ ಕೈಗೂ ಎಟುಕುವ ಹಾಗೆ, ಒಂದು ಚೊಂಬು ನೀರು ತುಂಬಿಟ್ಟಿತ್ತು.